ಅಪೀಲು ಹಾಕಿದ್ದೀನಿ ಅಂತ ವಕೀಲರು ಮೂರು ವರ್ಷ ಹೇಳಿದರು, ಹಾಕಿರಲೇ ಇಲ್ಲ. ಅವರ ಮೇಲೆ ದಾವೆಗೆ ಇನ್ನೂ ಟೈಮ್ ಇದೆಯಾ?

ಕಾರಟಗಿ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಕಾರಟಗಿ ಹತ್ತಿರ ಎಡದಂಡೆ ಕಾಲುವೆ ಕೆಳಗೆ ನಮ್ಮದು ನಾಲ್ಕು ಎಕರೆ ಗದ್ದೆ. ದೊಡ್ಡಪ್ಪನ ಮಕ್ಕಳು ವಾಟ್ನಿ, ಅಂದರೆ ಪಾಲು, ಕೇಳಿ ದಾವೆ ಹಾಕಿದ್ದರು. 2022ರ ಜೂನ್ 17ಕ್ಕೆ ಅರ್ಧ ಅವರದು ಅಂತ ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಅನ್ನೋ ಮೊದಲ ತೀರ್ಪು) ಆಯ್ತು. ಆ ಗದ್ದೆ ಅಪ್ಪ 1994ರಲ್ಲಿ ಸ್ವಂತ ದುಡಿಮೆಯ ದುಡ್ಡಲ್ಲಿ ಕೊಂಡದ್ದು, ಖರೀದಿ ಪತ್ರ ಕೋರ್ಟಿನಲ್ಲಿ ಹಾಜರಾಗಿದೆ. ಅದಕ್ಕೇ ಅಪ್ಪ ಅಪೀಲು ಮಾಡಲೇಬೇಕು ಅಂತ ಹಠ ಹಿಡಿದರು. ವಕೀಲರು 15,000 ನಗದು ತಗೊಂಡರು, ಆಮೇಲೆ ನಾನು ಫೋನ್‌ಪೇ ಮಾಡಿದ್ದು 8,000. ಅದರಲ್ಲಿ ‘ಅಪೀಲು ಖರ್ಚು’ ಅಂತ ಬರೆದಿದ್ದೆ.

2023ರ ನವೆಂಬರಿನಲ್ಲಿ ಅಂತಿಮ ಡಿಕ್ರಿಯ, ಅಂದರೆ ಗದ್ದೆ ಅಳೆದು ಹಂಚೋದರ, ನೋಟಿಸು ಬಂತು. ಅಪ್ಪ ಅದನ್ನ ಹಿಡ್ಕೊಂಡು ವಕೀಲರ ಆಫೀಸಿಗೆ ಹೋದರೆ ‘ಅಪೀಲು ಇದೆಯಲ್ಲ ಗೌಡ್ರೆ, ಇದನ್ನ ನಾನು ನೋಡ್ಕೋತೀನಿ’ ಅಂದರಂತೆ. 2024ರ ಸೆಪ್ಟೆಂಬರಿನಲ್ಲಿ ಅಪ್ಪ ತೀರಿಕೊಂಡರು. 2025ರ ಮಾರ್ಚಿನಲ್ಲಿ ನಾನೇ ವಾಟ್ಸಾಪಿನಲ್ಲಿ ಕೇಳಿದೆ. ‘ಅಪೀಲು ಇನ್ನೂ ಬೋರ್ಡಿಗೆ ಬಂದಿಲ್ಲಮ್ಮ, ಬಂದಾಗ ತಿಳಿಸ್ತೀನಿ’ ಅಂತ ಉತ್ತರ ಬಂತು. ಆ ಮೆಸೇಜು ಇನ್ನೂ ಇದೆ.

ಈ ಜನವರಿಯಲ್ಲಿ ತಾಲ್ಲೂಕು ಸರ್ವೇಯರು ಸರಪಳಿ ಹಿಡ್ಕೊಂಡು ಗದ್ದೆಗೆ ಬಂದರು. ನಾಟಿ ಮಾಡಿ ಹನ್ನೆರಡು ದಿನ ಆಗಿತ್ತು. ಅಮ್ಮ ಬದುವಿನ ಮೇಲೆ ಕೂತುಬಿಟ್ಟರು. ಮಾರನೇ ದಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ಅಪ್ಪನ ಹೆಸರು ಹಾಕಿ ಜಿಲ್ಲೆಯ ಎಲ್ಲಾ ಕೋರ್ಟು ಹುಡುಕಿದೆ. ಅಪೀಲು ಇಲ್ಲ. ಒಂದೂ ಇಲ್ಲ.

ಕೇಳೋದು ಎರಡೇ. ಈ ವಕೀಲರ ಮೇಲೆ ನಷ್ಟಕ್ಕೆ ದಾವೆ ಹೂಡಲು ಎಷ್ಟು ವರ್ಷದ ಅವಕಾಶ, ಮತ್ತು ಅದು ಯಾವ ದಿನದಿಂದ ಎಣಿಕೆ?

ನಿವೃತ್ತ ಶಿರಸ್ತೇದಾರ್, ಬಳ್ಳಾರಿ

ಅಮ್ಮಾ, ನಾನು ಮೂವತ್ತೊಂದು ವರ್ಷ ಕೋರ್ಟಿನ ಕಚೇರಿಯಲ್ಲಿದ್ದವನು, ವಕೀಲನಲ್ಲ. ಕಂಡದ್ದನ್ನು ಹೇಳುತ್ತೇನೆ.

ಅವಧಿ ಮೂರು ವರ್ಷ. ಅದರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು ನಿಮ್ಮ ಎರಡನೇ ಪ್ರಶ್ನೆಯಲ್ಲಿ. 1963ರ ಕಾಲಪರಿಮಿತಿ ಕಾಯ್ದೆಯಲ್ಲಿ ವಕೀಲರ ಮೇಲಿನ ದಾವೆ ಅಂತ ಬೇರೆ ಆರ್ಟಿಕಲ್ ಇಲ್ಲ. ಕರಾರು ಮುರಿದದ್ದಕ್ಕೆ ಪರಿಹಾರ ಎಂದು ಹೋದರೆ ಆರ್ಟಿಕಲ್ 55, ಮುರಿದ ದಿನದಿಂದ ಮೂರು ವರ್ಷ. ವಕೀಲರು ನಿಮ್ಮ ಏಜೆಂಟ್, ಆ ಏಜೆಂಟನ ನಿರ್ಲಕ್ಷ್ಯ ಎಂದು ಹೋದರೆ ಆರ್ಟಿಕಲ್ 4, ಆ ನಿರ್ಲಕ್ಷ್ಯ ವಾದಿಗೆ ಗೊತ್ತಾದ ದಿನದಿಂದ ಮೂರು ವರ್ಷ. ಯಾವುದಕ್ಕೂ ಸೇರದಿದ್ದರೆ ಆರ್ಟಿಕಲ್ 113, ದಾವೆ ಹೂಡುವ ಹಕ್ಕು ಹುಟ್ಟಿದ ದಿನದಿಂದ. ಮೂರರಲ್ಲೂ ವರ್ಷ ಮೂರೇ, ಶುರುವಾಗುವ ದಿನ ಮಾತ್ರ ಬೇರೆ.

ನಿಮ್ಮ ಲೆಕ್ಕಕ್ಕೆ ಬನ್ನಿ. ಜಿಲ್ಲಾ ಕೋರ್ಟಿಗೆ ಅಪೀಲಿಗೆ 30 ದಿನ. ಹೈಕೋರ್ಟಿಗಾದರೆ 90. ಡಿಕ್ರಿಯಾದ ದಿನವನ್ನು ಬಿಡಬೇಕು, ಡಿಕ್ರಿಯ ನಕಲು ಪಡೆಯಲು ಹಿಡಿದ ದಿನಗಳನ್ನೂ ಬಿಡಬೇಕು. ಅಂದರೆ 2022ರ ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರ ಅಪೀಲಿನ ಗಡುವು ಮುಗಿದಿದೆ. ಆರ್ಟಿಕಲ್ 55 ಹಿಡಿದರೆ ನಿಮ್ಮ ಮೂರು ವರ್ಷ 2025ಕ್ಕೇ ಮುಗಿಯಿತು. ನೋಟಿಸು ಬಂದ ದಿನ ಹಿಡಿದರೆ 2026ರ ನವೆಂಬರ್. ಆ್ಯಪಿನಲ್ಲಿ ನೋಡಿದ ದಿನ ಹಿಡಿದರೆ 2029ರ ಜನವರಿ. ದಾವೆಯಲ್ಲಿ ಆ ವಕೀಲರು ಮೊದಲನೆಯದನ್ನೇ ಹಿಡಿಯುತ್ತಾರೆ, ಬರೆದಿಟ್ಟುಕೊಳ್ಳಿ.

ನಿಮ್ಮ ಕೈಯಲ್ಲಿ ನಕಲು ಇದೆಯೇ? ಕೊನೆಯ ಹಾಳೆಯ ಹಿಂಭಾಗ ನೋಡಿ. ನಕಲಿಗೆ ಅರ್ಜಿ ಕೊಟ್ಟದ್ದು, ಸಿದ್ಧವಾದದ್ದು, ಕೈಗೆ ಕೊಟ್ಟದ್ದು, ಮೂರು ತಾರೀಖು ಅಲ್ಲಿರುತ್ತವೆ. ಅವನ್ನು ಇಲ್ಲಿ ಬರೆಯಿರಿ.

ವಕೀಲೆ, ಕೊಪ್ಪಳ

ಅಕ್ಕ, ಓದಿ ಮನಸ್ಸಿಗೆ ತುಂಬಾ ನೋವಾಯ್ತು. ನಾನೂ ಇದೇ ವೃತ್ತಿಯವಳು. ಆದರೆ ಒಂದು ಮಾತನ್ನ ಕೈಮುಗಿದು ಹೇಳ್ತೀನಿ, ಮೊದಲು ವಕೀಲರ ಮೇಲಿನ ದಾವೆ ಬಿಡಿ. ಮೊದಲು ಅಪೀಲು.

ಪ್ರಾಥಮಿಕ ಡಿಕ್ರಿ ಮೇಲೆ ಅಪೀಲು ಹೋಗದಿದ್ದರೆ, ಅಂತಿಮ ಡಿಕ್ರಿಯ ಅಪೀಲಿನಲ್ಲಿ ಆ ಮೂಲ ತೀರ್ಪು ತಪ್ಪು ಅಂತ ವಾದಿಸಲು ಆಗಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 97 ಅದನ್ನ ಸ್ಪಷ್ಟವಾಗಿ ಹೇಳುತ್ತೆ. ಹಾಗಾಗಿ ಗದ್ದೆ ಉಳಿಯೋ ದಾರಿ ಇದೊಂದೇ: ನೀವು, ಅಮ್ಮ, ಉಳಿದ ವಾರಸುದಾರರು ಸೇರಿ ಅಪೀಲು ಹಾಕಿ, ಜೊತೆಗೇ ಕಾಲಪರಿಮಿತಿ ಕಾಯ್ದೆಯ ಕಲಂ 5ರ ಕೆಳಗೆ ವಿಳಂಬ ಮನ್ನಾ ಅರ್ಜಿ ಹಾಕೋದು. ಮೂರೂವರೆ ವರ್ಷದ ವಿಳಂಬ ಸಣ್ಣದಲ್ಲ. ಆದರೆ ವಕೀಲರ ತಪ್ಪಿಗೆ ಏನೂ ಅರಿಯದ ಕಕ್ಷಿದಾರ ನರಳಬಾರದು ಅಂತ ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ನಿಮ್ಮ ಹತ್ತಿರ ಆ ವಾಟ್ಸಾಪ್ ಮೆಸೇಜು ಇದೆಯಲ್ಲ, ಅದೇ ನಿಮ್ಮ ಕಾರಣ.

ತಿಳ್ಕೊಳ್ಳಿ, ಕಲಂ 5 ಅಪೀಲಿಗೆ, ಅರ್ಜಿಗೆ ಮಾತ್ರ. ದಾವೆಗೆ ಅದು ಇಲ್ಲ. ವಕೀಲರ ಮೇಲಿನ ದಾವೆ ಒಂದೇ ಒಂದು ದಿನ ತಡವಾದರೂ ‘ಮನ್ನಾ ಮಾಡಿ’ ಅಂತ ಕೇಳಲು ಬರಲ್ಲ. ಪ್ರತಿವಾದಿ ತಕರಾರು ಎತ್ತದಿದ್ದರೂ ಕೋರ್ಟು ತಾನಾಗಿ ವಜಾ ಮಾಡಬೇಕು, ಕಲಂ 3.

ರಾಯಚೂರು ಅನುಭವಿ

ಅಕ್ಕಾರ, ನಾನು ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ ಅಂತ ಬರೀಲಿಕ್ಕೆ ಹತ್ತೀನಿ.

ನಮ್ಮ ದಾವೆ ತಾರೀಖಿಗೆ ಯಾರೂ ಹೋಗದೆ ವಜಾ ಆಗಿತ್ತು. ಮತ್ತೆ ಪುನಃಸ್ಥಾಪನೆ ಅರ್ಜಿಗೆ 30 ದಿನ ಇರ್ತದ, ಅದೂ ನಮ್ಮ ವಕೀಲ್ರು ಹಾಕಿರಲಿಲ್ಲ. ನನಗ ಗೊತ್ತಾಗಿದ್ದು 2019ರ ಆಗಸ್ಟ್. ಗೆಳೆಯರು ಗ್ರಾಹಕರ ಕೋರ್ಟಿಗೆ ಹೋಗು, ಅಲ್ಲಿ ಖರ್ಚು ಕಮ್ಮಿ ಅಂದ್ರು. ರಾಷ್ಟ್ರೀಯ ಗ್ರಾಹಕ ಆಯೋಗ 2007ರಾಗ ವಕೀಲ್ರ ಸೇವೆನೂ ಗ್ರಾಹಕ ಕಾಯ್ದೆಗೆ ಬರ್ತದ ಅಂದಿತ್ತು, ಅದನ್ನ ನಂಬಿ 2020ರ ಜನವರಿಗೆ ಹಾಕಿದೆ. ನಾಲ್ಕು ವರ್ಷ ತಿರುಗಿದೆ. 2024ರ ಮೇ 14ಕ್ಕೆ ಸುಪ್ರೀಂ ಕೋರ್ಟು ಡಿ.ಕೆ. ಗಾಂಧಿ ಪ್ರಕರಣದಾಗ ವಕೀಲ್ರು ಗ್ರಾಹಕ ಕಾಯ್ದೆಗೆ ಬರೋದಿಲ್ಲ ಅಂತ ತೀರ್ಪು ಕೊಡ್ತು. ಸೆಪ್ಟೆಂಬರಿಗೆ ನನ್ನ ದೂರು ಹೋತು.

ನವೆಂಬರಿನಾಗ ಸಿವಿಲ್ ದಾವೆ ಹಾಕೀನಿ. ಕೋವಿಡ್‌ನ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರ ತನಕದ ದಿನ ಬಿಟ್ಟು ಎಣಿಸಿದ್ರೂ ನನ್ನ ಮೂರು ವರ್ಷ 2024ರ ಜುಲೈಗೇ ಮುಗೀತಿತ್ತು. ಉಳಿಸಿದ್ದು ಕಾಲಪರಿಮಿತಿ ಕಾಯ್ದೆ ಕಲಂ 14. ಅಧಿಕಾರ ಇಲ್ಲದ ಕಡೆ ಒಳ್ಳೆ ಮನಸ್ಸಿಂದ, ಅಸಡ್ಡೆ ಮಾಡದೆ ನಡೆಸಿದ ದಿನಗಳನ್ನ ಲೆಕ್ಕದಿಂದ ಬಿಡ್ತಾರ. ಆದ್ರ ಒಳ್ಳೆ ಮನಸ್ಸಿಂದ ನಡೆಸೀನಿ ಅಂತ ನಾನು ಸಾಬೀತು ಮಾಡಬೇಕು. ಆ ವಕೀಲ್ರು ಅದನ್ನೇ ಹಿಡದಾರ. ಕಾಲಮಿತಿ ಬಗ್ಗೆನೇ ಒಂದು ವಿವಾದಾಂಶ ರಚನೆ ಆಗ್ಯದ. ನಮ್ಮ ಮೂಲ ಜಗಳದ ಮಾತು ಇನ್ನೂ ಬಾಯಿಗೇ ಬಂದಿಲ್ಲ.

ಈಗ ಯಾರು ಗ್ರಾಹಕ ಆಯೋಗಕ್ಕ ಹೋಗು ಅಂದ್ರೂ ಹೋಗಬ್ಯಾಡ್ರಿ. ಈಗ ತೀರ್ಪು ಎಲ್ಲಾರಿಗೂ ಗೊತ್ತದ, ಒಳ್ಳೆ ಮನಸ್ಸು ಅಂದ್ರ ಯಾರೂ ನಂಬೂದಿಲ್ಲ.

ಕಾರಟಗಿ ಮಗಳು

ಎಲ್ಲರಿಗೂ ಧನ್ಯವಾದ. ಶಿರಸ್ತೇದಾರ್ ಸರ್, ನಕಲು ನಮ್ಮಲ್ಲಿಲ್ಲ, ಎಲ್ಲಾ ವಕೀಲರ ಹತ್ತಿರವೇ ಇದೆ. ಫೋನ್ ಎತ್ತುತ್ತಿಲ್ಲ. ‘ಬಾಕಿ ಫೀಸು ಕೊಟ್ಟು ಫೈಲ್ ತಗೊಂಡು ಹೋಗಿ’ ಅಂತ ಗುಮಾಸ್ತರ ಕೈಲಿ ಹೇಳಿಸಿದ್ದಾರೆ.

ಇನ್ನೊಂದು ಕೇಳಬೇಕು. ಅಪ್ಪ ಹೋದ ಮೇಲೆ ಅವರ ಹಕ್ಕು ನಮಗೆ ಬರುತ್ತಾ? ಬಂದರೆ ನಮಗೆ ಹೊಸದಾಗಿ ಮೂರು ವರ್ಷ ಶುರುವಾಗುತ್ತಾ?

ವಕೀಲೆ, ಕೊಪ್ಪಳ

ಫೀಸು ಬಾಕಿ ಅಂತ ಫೈಲ್ ಹಿಡಿದಿಡಲು ವಕೀಲರಿಗೆ ಹಕ್ಕಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲಿ ಇದನ್ನ ನೇರವಾಗಿ ಹೇಳಿದೆ, ಫೈಲ್ ಕೊಡದಿರೋದೇ ವೃತ್ತಿ ದುರ್ನಡತೆ ಅಂತ. ಇದನ್ನ ಒಂದು ಪತ್ರದಲ್ಲಿ ಸೌಮ್ಯವಾಗಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ. ಫೈಲಿಗಾಗಿ ಕಾಯಬೇಡಿ, ಇವತ್ತೇ ಹೊಸದಾಗಿ ನಕಲು ಅರ್ಜಿ ಹಾಕಿಸಿ.

ಹಕ್ಕಿನ ವಿಷಯ. ಇದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ವಕೀಲರ ನಿರ್ಲಕ್ಷ್ಯಕ್ಕೆ ದಾವೆ ಹೂಡಿದವರು ನಡುವೆ ತೀರಿಕೊಂಡರು, ವಾರಸುದಾರರು ಮುಂದುವರಿಸಬಹುದಾ ಅನ್ನೋದು ಪ್ರಶ್ನೆ. ಮನಸ್ಸಿಗೆ, ಮಾನಕ್ಕೆ ಆದ ನೋವಿನ ಪರಿಹಾರ ಸತ್ತವರ ಜೊತೆಗೇ ಹೋಗುತ್ತೆ. ಕರಾರಿನ ಮೇಲೆ ನಿಂತ, ಆಸ್ತಿಗೆ ಆದ ನಷ್ಟ ಉಳಿಯುತ್ತೆ. ಹಾಗಾಗಿ ನಿಮ್ಮ ದಾವೆಯಲ್ಲಿ ಅಪ್ಪನ ಮನೋವೇದನೆಗೆ ಇಷ್ಟು ಲಕ್ಷ ಅಂತ ಬರೆಸಬೇಡಿ. ಎರಡು ಎಕರೆಯ ಬೆಲೆ, ಕೊಟ್ಟ ಫೀಸು, ಖರ್ಚು, ಇಷ್ಟೇ ಇರಲಿ.

ಹೊಸ ಮೂರು ವರ್ಷ ಇಲ್ಲ ಅಕ್ಕ. ಗಡಿಯಾರ ಒಮ್ಮೆ ಶುರುವಾದರೆ ನಿಲ್ಲಲ್ಲ, ಕಲಂ 9. ಅಪ್ಪನಿಗೆ ಗೊತ್ತಾಗಿತ್ತು ಅಂತ ಆದರೆ ಆ ದಿನವೇ ನಿಮಗೂ ಲೆಕ್ಕ.

ಸಿಂಧನೂರು ರೈತ

ಯವ್ವಾ, ಕಾಯ್ದೆ ಕಲಂ ನನಗ ತಿಳಿಯೂದಿಲ್ಲ. ನಮ್ಮೂರಾಗೂ ಹಿಂಗೇ ಆಗಿತ್ತು. ಹಿರೇರು ನಾಕು ಮಂದಿ ವಕೀಲ್ರ ಮನಿಗೆ ಹೋಗಿ ಕುಂತ್ರು. ಅವರು ಚಹಾ ಕೊಟ್ರು, ತಪ್ಪಾತು ಅಂದ್ರು, ಒಂದೂವರೆ ಲಕ್ಷ ಕೊಡ್ತೀನಿ ಅಂದ್ರು. ಎಲ್ಲಾರೂ ಕೈ ಮುಗದು ಬಂದ್ರು. ಸುಗ್ಗಿ ಆದ ಮ್ಯಾಲೆ, ಹಬ್ಬ ಆದ ಮ್ಯಾಲೆ, ಮಗಳ ಮದುವಿ ಆದ ಮ್ಯಾಲೆ ಅನಕೋತ ಎರಡು ವರ್ಷ ಹೋತು. ಆಮ್ಯಾಲೆ ‘ಕೋರ್ಟಿಗೆ ಹೋಗ್ರಿ’ ಅಂದ್ರು. ಹೋದ್ರ ಟೈಮ್ ಮುಗದಿತ್ತು. ಆ ನಾಕು ಮಂದಿ ಹಿರೇರಾಗ ನಾನೂ ಒಬ್ಬ. ಈಗೂ ಆ ಮನಿ ಮುಂದ ಹಾಯ್ದು ಹೋಗಾಕ ಆಗೂದಿಲ್ಲ.

ನಿವೃತ್ತ ಶಿರಸ್ತೇದಾರ್, ಬಳ್ಳಾರಿ

ಗೌಡರೇ, ನಿಮ್ಮ ತಪ್ಪಲ್ಲ. ಮಾತುಕತೆ ಗಡಿಯಾರವನ್ನು ನಿಲ್ಲಿಸುವುದಿಲ್ಲ ಎಂಬುದು ಎಷ್ಟೋ ಓದಿದವರಿಗೂ ಗೊತ್ತಿಲ್ಲ. ಅವಧಿ ಮುಗಿಯುವ ಮೊದಲೇ, ಕೊಡಬೇಕಾದ್ದು ನಿಜ ಎಂದು ಬರೆದು ಸಹಿ ಮಾಡಿಕೊಟ್ಟಿದ್ದರೆ ಆ ಸಹಿಯ ದಿನದಿಂದ ಹೊಸ ಲೆಕ್ಕ ಕೇಳಬಹುದಿತ್ತು. ಕಲಂ 18. ಬಾಯಿ ಮಾತಿಗೆ ಆ ಬಲವಿಲ್ಲ.

ವಕೀಲರ ಪರಿಷತ್ತಿಗೆ ಕೊಡುವ ದೂರೂ ಗಡಿಯಾರವನ್ನು ನಿಲ್ಲಿಸುವುದಿಲ್ಲ. 1961ರ ವಕೀಲರ ಕಾಯ್ದೆಯ ಕಲಂ 35ರ ದೂರಿಗೆ ಆ ಕಾಯ್ದೆ ಅವಧಿಯನ್ನೇ ಹಾಕಿಲ್ಲ. ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ಒಂದು ವರ್ಷದಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಛೀಮಾರಿ ಹಾಕಬಹುದು, ವಕೀಲಿಕೆಯ ಸನದು ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ನಿಮ್ಮ ಗದ್ದೆಯ ಬೆಲೆ ಕೊಡಿಸುವುದಿಲ್ಲ. ಆ ದೂರಿನ ತೀರ್ಪು ಬರಲಿ, ಆಮೇಲೆ ದಾವೆ ಹಾಕೋಣ ಎಂದು ಕೂತವರ ಮೂರು ವರ್ಷ ಮುಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡೂ ಬೇರೆ ದಾರಿ, ಒಂದಕ್ಕೊಂದು ಕಾಯುವುದಿಲ್ಲ.

ಗಂಗಾವತಿ ಹುಡುಗ, ಈಗ ಕ್ಯಾಲಿಫೋರ್ನಿಯಾ

ಇಲ್ಲಿಯ ಕಾನೂನು ಹೇಳ್ತೀನಿ, ಹೋಲಿಕೆಗೆ. ಕ್ಯಾಲಿಫೋರ್ನಿಯಾದಲ್ಲಿ ವಕೀಲರ ತಪ್ಪು ಗೊತ್ತಾದ ದಿನದಿಂದ 1 ವರ್ಷ, ಇಲ್ಲ ತಪ್ಪು ನಡೆದ ದಿನದಿಂದ 4 ವರ್ಷ, ಯಾವುದು ಮೊದಲು ಬರುತ್ತೋ ಅದು. ಆದರೆ ಅದೇ ವಕೀಲರು ಅದೇ ಕೇಸನ್ನ ಇನ್ನೂ ನಡೆಸ್ತಿದ್ದರೆ ಅಷ್ಟು ದಿನ ಎಣಿಕೆ ನಿಲ್ಲುತ್ತೆ. ನಮ್ಮಲ್ಲೂ ಹಾಗೆ ಇದ್ದಿದ್ದರೆ ಅಕ್ಕನಿಗೆ ಚಿಂತೆಯೇ ಇರ್ತಿರಲಿಲ್ಲ.

ವಕೀಲೆ, ಕೊಪ್ಪಳ

ತಮ್ಮಾ, ಒಳ್ಳೆ ಮಾಹಿತಿ. ನಮ್ಮ ಕಾಯ್ದೆಯಲ್ಲಿ ಅಂಥ ಮಾತು ಬರೆದಿಲ್ಲ. ಅದರ ಬದಲು ನಮಗಿರೋದು ಕಲಂ 17. ಪ್ರತಿವಾದಿ ಮೋಸದಿಂದ ವಿಷಯ ಮುಚ್ಚಿಟ್ಟಿದ್ದರೆ, ಆ ಮೋಸ ಗೊತ್ತಾಗೋ ತನಕ ಕಾಲಮಿತಿ ಶುರುವಾಗಲ್ಲ. ಅಪೀಲು ಹಾಕದೇ ‘ಬೋರ್ಡಿಗೆ ಬಂದಿಲ್ಲ’ ಅಂತ 2025ರಲ್ಲಿ ಬರೆದಿರೋದು ಮರೆವಲ್ಲ, ಮುಚ್ಚಿಡೋದು.

ಆದರೆ ಎದುರು ಪಕ್ಷದವರ ವಾದವನ್ನೂ ಈಗಲೇ ಕೇಳಿಸ್ಕೊಳ್ಳಿ. ಆ ಕಲಂನಲ್ಲೇ ಇನ್ನೊಂದು ಮಾತಿದೆ: ‘ತಕ್ಕ ಎಚ್ಚರ ವಹಿಸಿದ್ದರೆ ಯಾವಾಗ ಗೊತ್ತಾಗಬಹುದಿತ್ತೋ ಆಗಿನಿಂದ’. ‘ಇ-ಕೋರ್ಟ್ಸ್ ಎಲ್ಲರ ಮೊಬೈಲಿನಲ್ಲಿದೆ, ಓದಿದ ಮಗಳಿದ್ದಾಳೆ, 2023ರಲ್ಲಿ ಅಂತಿಮ ಡಿಕ್ರಿ ನೋಟಿಸು ಬಂದಾಗ ಎರಡು ನಿಮಿಷದಲ್ಲಿ ನೋಡಬಹುದಿತ್ತು’ ಅಂತಾರೆ. ಇದಕ್ಕೆ ನಿಮ್ಮ ಉತ್ತರ ಏನು ಅಂತ ಈಗಲೇ ಯೋಚಿಸಿ. ನನ್ನ ಕಕ್ಷಿದಾರರಾಗಿದ್ದರೆ 2026ರ ನವೆಂಬರನ್ನೇ ಕೊನೆ ದಿನ ಅಂತ ನಡೀತಿದ್ದೆ. 2029 ಇದೆ ಅಂತ ಮಲಗ್ತಿರಲಿಲ್ಲ.

ಮತ್ತೆ ಒಂದು ಕಷ್ಟದ ಮಾತು. ನಿರ್ಲಕ್ಷ್ಯ ತೋರಿಸಿದರೆ ಸಾಲದು. ಅಪೀಲು ಹಾಕಿದ್ದರೆ ಗೆಲ್ಲುವ ಬಲ ಇತ್ತು ಅಂತಲೂ ತೋರಿಸಬೇಕು. ದಾವೆಯೊಳಗೆ ಇನ್ನೊಂದು ದಾವೆ ನಡೆದ ಹಾಗೆ. ಅದಕ್ಕೇ ಆ 1994ರ ಖರೀದಿ ಪತ್ರ ನಿಮ್ಮ ಜೀವಾಳ.

ರಾಯಚೂರು ಅನುಭವಿ

ವಕೀಲ್ರ ಮೇಲೆ ದಾವೆನೇ ಬರೂದಿಲ್ಲ ಅಂತ ನಮಗ ಒಬ್ಬರು ಹೆದರಿಸಿದ್ರು. ಅದು ಸುಳ್ಳು. 1926ರ ಒಂದು ಕಾಯ್ದೆ ಅದ, ವಕೀಲರ ಶುಲ್ಕದ್ದು. ವಕೀಲ ಅನ್ನೋ ಒಂದೇ ಕಾರಣಕ್ಕ ನಿರ್ಲಕ್ಷ್ಯದ ನಷ್ಟದ ದಾವೆಯಿಂದ ಯಾರಿಗೂ ವಿನಾಯಿತಿ ಇಲ್ಲ ಅಂತ ಅದರ ಕಲಂ 5ರಾಗ ಅದ. ಕಷ್ಟ ಏನಂದ್ರ ನಮ್ಮ ಊರಿನ ವಕೀಲ್ರ ಸಂಘದಾಗ ಯಾರೂ ವಕಾಲತ್ತು ಹಾಕಲಿಲ್ಲ. ‘ದಿನಾ ಮುಖ ನೋಡೋರು’ ಅಂದ್ರು. ಕಡೀಕ ಬಳ್ಳಾರಿಯಿಂದ ಒಬ್ಬರು ಬಂದ್ರು.

ವಕೀಲೆ, ಕೊಪ್ಪಳ

ಅದು ನಿಜ, ಮತ್ತು ನಾಚಿಕೆಗೇಡು. ಅಕ್ಕ, ನೀವು ಮತ್ತು ಅಮ್ಮ ಮಹಿಳೆಯರು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಲ್ಲಿ ಮಹಿಳೆಯರಿಗೆ ಆದಾಯ ನೋಡದೇ ಉಚಿತ ನೆರವು ಸಿಗುತ್ತೆ. ವಕೀಲರಷ್ಟೇ ಅಲ್ಲ, ಕೋರ್ಟ್ ಫೀ ಕೂಡ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇದೆ, ಇಲ್ಲ 15100ಕ್ಕೆ ಫೋನ್ ಮಾಡಿ. ವಾಟ್ಸಾಪ್ ಇರೋ ಫೋನನ್ನ ಮಾರಬೇಡಿ, ರಿಸೆಟ್ ಮಾಡಬೇಡಿ. ಆ ಮೆಸೇಜಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತೆ.

ಕಾರಟಗಿ ಮಗಳು

ಐದು ವಾರ ಆಯ್ತು, ತಿಳಿಸದೇ ಇದ್ದದ್ದಕ್ಕೆ ಕ್ಷಮಿಸಿ.

ಪತ್ರ ಮುಟ್ಟಿದ ನಾಲ್ಕನೇ ದಿನ ಗುಮಾಸ್ತರೇ ಬಸ್‌ಸ್ಟ್ಯಾಂಡಿಗೆ ಬಂದು ಫೈಲ್ ಕೊಟ್ಟರು. ಕೆಂಪು ದಾರದ ಕಟ್ಟು. ಮನೆಗೆ ಬಂದು ಅಮ್ಮನ ಮುಂದೆ ಬಿಚ್ಚಿದೆ. ಸರ್, ನೀವು ಹೇಳಿದ ಹಾಗೆ ನಕಲಿನ ಕೊನೆ ಹಾಳೆ ತಿರುಗಿಸಿದೆ. ಗುಂಡು ಸೀಲಿನ ಪಕ್ಕ ನೇರಳೆ ಶಾಯಿಯಲ್ಲಿ ಮೂರು ತಾರೀಖು. ಅರ್ಜಿ 20-6-2022, ಸಿದ್ಧ 4-7-2022, ವಿತರಣೆ 6-7-2022. ಅಂದರೆ ನಕಲು ಅವರ ಕೈಗೆ ಬಂದಿತ್ತು. ಇನ್ನೂ 26 ದಿನ ಇತ್ತು.

ಅದರ ಕೆಳಗೆ ಆರು ಪುಟದ ಅಪೀಲು ಮೆಮೊ, ಟೈಪ್ ಆಗಿದೆ. ಒಳ್ಳೆಯದಾಗಿಯೇ ಬರೆದಿದ್ದಾರೆ, ಖರೀದಿ ಪತ್ರದ ಬಗ್ಗೆ ಎರಡು ಪ್ಯಾರಾ ಇದೆ. ತಾರೀಖಿನ ಜಾಗ ಖಾಲಿ. ಸಹಿ ಇಲ್ಲ. ಜೊತೆಗೆ ವಕಾಲತ್ತು, ಸ್ಟಾಂಪ್ ಹಚ್ಚಿಲ್ಲ, ಅದರ ಮೇಲೆ ಅಪ್ಪನ ಹೆಬ್ಬೆಟ್ಟು. ಗೆರೆ ಗೆರೆ ಮೂಡಿದೆ. ಅಮ್ಮ ಆ ಹಾಳೆಯನ್ನ ತಗೊಂಡು ಸೆರಗಿನಲ್ಲಿ ಒರೆಸಿದರು, ಅದರಲ್ಲಿ ಧೂಳೇನೂ ಇರಲಿಲ್ಲ.

ಕಾನೂನು ನೆರವಿನಿಂದ ಒಬ್ಬ ವಕೀಲರು ಸಿಕ್ಕಿದ್ದಾರೆ. ಅಪೀಲು, ವಿಳಂಬ ಮನ್ನಾ ಅರ್ಜಿ ಎರಡೂ ಹೋಗಿವೆ. ಈ ಸಲ ನಾನೇ ಕೌಂಟರ್ ಹತ್ತಿರ ನಿಂತು ಕೇಸಿನ ಗುರುತಿನ ಸಿಎನ್‌ಆರ್ ಸಂಖ್ಯೆ ಬರೆಸಿಕೊಂಡೆ, ಹದಿನಾರು ಅಂಕಿ-ಅಕ್ಷರ, ಅಮ್ಮನಿಗೂ ಬಾಯಿಪಾಠ ಆಗಿದೆ. ದೊಡ್ಡಪ್ಪನ ಮಕ್ಕಳಿಗೆ ನೋಟಿಸು, ಮುಂದಿನ ತಾರೀಖು ಏಪ್ರಿಲ್ 9. ತಡೆಯಾಜ್ಞೆ ಈಗಲೇ ಸಿಗಲ್ಲ, ಮೊದಲು ವಿಳಂಬದ ಅರ್ಜಿ ತೀರ್ಮಾನ ಆಗಬೇಕಂತೆ. ಪರಿಷತ್ತಿಗೆ ದೂರು ಬರೆಯುತ್ತಿದ್ದೇನೆ, ಆ ಸಹಿಯಿಲ್ಲದ ಮೆಮೊದ ಪ್ರತಿ ಹಚ್ಚಿ.

ನಿವೃತ್ತ ಶಿರಸ್ತೇದಾರ್, ಬಳ್ಳಾರಿ

ಹಾಗಾದರೆ ಅಪೀಲಿನ ಕೊನೆಯ ದಿನ 2022ರ ಆಗಸ್ಟ್ 1. ಜುಲೈ 17ಕ್ಕೆ 30 ದಿನ, ನಕಲಿನ 15 ದಿನ ಸೇರಿಸಿ. ದಾವೆಯಲ್ಲಿ ಈ ತಾರೀಖನ್ನು ಸ್ಪಷ್ಟವಾಗಿ ಬರೆಸಿ. ನಮ್ಮ ಕಾಲದಲ್ಲಿ ತಾರೀಖು ತಪ್ಪು ಬರೆದ ವಾದಪತ್ರಗಳನ್ನು ಎಷ್ಟೋ ವಾಪಸು ಮಾಡಿದ್ದೇವೆ.

ಅಂತಿಮ ಡಿಕ್ರಿಯ ನೋಟಿಸು ಅಪ್ಪನವರ ಕೈಗೆ ಬಂದ ದಿನ ಯಾವುದು? ನವೆಂಬರ್ ಎಂದರೆ ಸಾಲದು.

ಕಾರಟಗಿ ಮಗಳು

ನೋಟಿಸಿನ ಪ್ರತಿಯೂ ಫೈಲಿನಲ್ಲೇ ಸಿಕ್ಕಿತು ಸರ್. ನೋಟಿಸು ಮುಟ್ಟಿಸಿದ ಬೇಲಿಫ್ ಬರೆದದ್ದು 21-11-2023.

ನಿವೃತ್ತ ಶಿರಸ್ತೇದಾರ್, ಬಳ್ಳಾರಿ

2026ರ ನವೆಂಬರ್ 21 ಶನಿವಾರ. ಅಲ್ಲಿಯತನಕ ಕಾಯಬೇಡಿ. ಅಪೀಲು ಏನೇ ಆಗಲಿ, ದಸರಾ ರಜೆಗೆ ಮುಂಚೆ ದಾವೆ ದಾಖಲಾಗಿರಲಿ. ಅಪೀಲಿನಲ್ಲಿ ಗೆದ್ದು ಗದ್ದೆ ಉಳಿದರೆ ದಾವೆಯನ್ನು ವಾಪಸು ಪಡೆಯಬಹುದು.

ಕಾರಟಗಿ ಮಗಳು

ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಪುಟಕ್ಕೆ ಗುರುತು ಹಾಕಿದೆ ಸರ್. ಏಪ್ರಿಲ್ 9ಕ್ಕೆ ಅಮ್ಮನನ್ನೂ ಕರ್ಕೊಂಡು ಹೋಗ್ತೀನಿ. ಕೋರ್ಟಿನಲ್ಲಿ ಏನಾಯ್ತು ಅಂತ ಅವತ್ತೇ ಸಂಜೆ ಇಲ್ಲಿ ಬರೀತೀನಿ.